ಟ್ಯಾಲಿ ಸರ್ವರ್‌ಗೆ ಮನೆಯಿಂದ ರಿಮೋಟ್ ಡೆಸ್ಕ್‌ಟಾಪ್ ಬಳಸುತ್ತಿದ್ದೇವೆ, ಯಾವ ಆಂಟಿವೈರಸ್ ಕೊಳ್ಳಬೇಕು?

ನಿಮ್ಮ ಕಚೇರಿಯಲ್ಲಿ ಎಂಟು ಕಂಪ್ಯೂಟರ್‌ಗಳಿವೆ, ಒಂದನ್ನು ಟ್ಯಾಲಿ ಸರ್ವರ್ ಮಾಡಿಕೊಂಡಿದ್ದೀರಿ, ಅಕೌಂಟೆಂಟ್ ಮನೆಯಿಂದ ಕೆಲಸ ಮಾಡಲೆಂದು ರಿಮೋಟ್ ಡೆಸ್ಕ್‌ಟಾಪ್‌ನ ಬಾಗಿಲಾದ 3389ನೇ ಪೋರ್ಟನ್ನು ರೂಟರ್‌ನಲ್ಲಿ ಫಾರ್ವರ್ಡ್ ಮಾಡಿಸಿ ಇಂಟರ್ನೆಟ್ಟಿಗೆ ತೆರೆದಿದ್ದೀರಿ ಎಂದು ಬರೆದಿದ್ದೀರಿ. ಹುಬ್ಬಳ್ಳಿ ಸುತ್ತಮುತ್ತಲಿನ ಸಣ್ಣ ಕಚೇರಿಗಳ ನೆಟ್‌ವರ್ಕ್ ನೋಡಿಕೊಳ್ಳುವ ನನ್ನ ಉತ್ತರವಿಷ್ಟು: ಆಂಟಿವೈರಸ್ ಖರೀದಿ ಮುಂದಿನ ವಾರಕ್ಕಿರಲಿ, ಆ ಪೋರ್ಟನ್ನು ಇವತ್ತೇ ಮುಚ್ಚಿಸಿ.

ಒಂದು ಸಗಟು ಅಂಗಡಿಯಲ್ಲಿ ಇದೇ ಏರ್ಪಾಡಿತ್ತು. ಅದನ್ನು ಮಾಡಿಕೊಟ್ಟವನು ನಾನೇ. ಒಂದು ಸೋಮವಾರ ಬೆಳಿಗ್ಗೆ ಟ್ಯಾಲಿ ತೆರೆದರೆ ಕಂಪನಿಯ ಹೆಸರೇ ಕಾಣಲಿಲ್ಲ. ಡೇಟಾ ಫೋಲ್ಡರ್‌ನ ಪ್ರತಿ ಫೈಲಿನ ಹೆಸರಿಗೂ ಕಂಡು ಕೇಳರಿಯದ ಬಾಲವೊಂದು ಅಂಟಿಕೊಂಡಿತ್ತು, ಡೆಸ್ಕ್‌ಟಾಪ್ ಮೇಲೆ ಹಣ ಕೇಳುವ ಪತ್ರವಿತ್ತು. ಈವೆಂಟ್ ವ್ಯೂವರ್‌ನ ಸೆಕ್ಯುರಿಟಿ ಲಾಗ್ ತೆರೆದಾಗ 4625 ಸಂಖ್ಯೆಯ ನಮೂದುಗಳು, ಅಂದರೆ ವಿಫಲ ಲಾಗಿನ್‌ಗಳು, ಎಷ್ಟು ಕೆಳಗೆ ಸರಿಸಿದರೂ ಮುಗಿಯಲೊಲ್ಲವು. ಎಲ್ಲವೂ ಅಡ್ಮಿನಿಸ್ಟ್ರೇಟರ್ ಖಾತೆಯ ಮೇಲೆ. ಭಾನುವಾರ ನಸುಕಿನಲ್ಲಿ ಅದೇ ಖಾತೆಯ ಮೇಲೆ ಒಂದೇ ಒಂದು 4624, ಅಂದರೆ ಯಶಸ್ವಿ ಲಾಗಿನ್, ಇತ್ತು: ಕಳ್ಳ ಒಳಗೆ ಬಂದಾಗಿತ್ತು. ಪಾಸ್‌ವರ್ಡ್ ಅಂಗಡಿಯ ಹೆಸರು, ಮುಂದೆ 123. ಆಂಟಿವೈರಸ್ ಇತ್ತು, ಆದರೆ ಅಡ್ಮಿನ್ ಆಗಿ ಬಂದವನು ಮೊದಲು ನಿಲ್ಲಿಸಿದ್ದೇ ಅದನ್ನು. ಬ್ಯಾಕಪ್ ಡಿಸ್ಕ್ ಸದಾ ಸರ್ವರ್‌ಗೇ ಸಿಕ್ಕಿಸಿದ್ದರಿಂದ ಅದೂ ಲಾಕ್ ಆಗಿತ್ತು. ಕೊನೆಗೆ ಕೈ ಹಿಡಿದದ್ದು ಜಿಎಸ್‌ಟಿ ರಿಟರ್ನ್‌ಗೆಂದು 11 ದಿನಗಳ ಹಿಂದೆ ಆಡಿಟರ್‌ಗೆ ಕೊಟ್ಟಿದ್ದ ಪೆನ್‌ಡ್ರೈವ್. ನಂತರದ ಬಿಲ್ಲುಗಳನ್ನೆಲ್ಲ ಇಬ್ಬರು ಕೂತು ಮತ್ತೆ ಎಂಟ್ರಿ ಮಾಡಿದರು.

ಪೋರ್ಟ್ ಸಂಖ್ಯೆ ಬದಲಿಸಿದರೆ ಸಾಲದೇ ಎಂದು ಹಲವರು ಕೇಳುತ್ತಾರೆ. ಸಾಲದು, ಏಕೆಂದರೆ ಹುಡುಕುವುದು ಮನುಷ್ಯನಲ್ಲ, ಇರುವ 65,535 ಪೋರ್ಟ್‌ಗಳನ್ನೂ ತಟ್ಟಿ ನೋಡಲು ಬೇಸರಪಡದ ಪ್ರೋಗ್ರಾಂ. ಅದರ ಬದಲು ವೈರ್‌ಗಾರ್ಡ್‌ನಂಥ ವಿಪಿಎನ್ (ಇಂಟರ್ನೆಟ್ ಮೂಲಕ ಹಾಯುವ ಗೂಢಲಿಪಿಯ ಖಾಸಗಿ ಸುರಂಗ) ಹಾಕಿಸಿ, ರಿಮೋಟ್ ಡೆಸ್ಕ್‌ಟಾಪ್ ಅದರೊಳಗಿನಿಂದ ಮಾತ್ರ ಸಿಗುವಂತೆ ಮಾಡಿ. ಸರಿಯಾದ ಕೀಲಿಯಿಲ್ಲದೆ ಬಂದ ಪ್ಯಾಕೆಟ್‌ಗೆ ವೈರ್‌ಗಾರ್ಡ್ ಉತ್ತರವನ್ನೇ ಕೊಡದಿರುವುದರಿಂದ, ಅಲ್ಲೊಂದು ಬಾಗಿಲಿದೆ ಎಂಬುದೇ ಹೊರಗಿನವರಿಗೆ ಗೊತ್ತಾಗುವುದಿಲ್ಲ. ಸಿಬ್ಬಂದಿಯ ದಿನನಿತ್ಯದ ಖಾತೆಗಳಿಗೆ ಅಡ್ಮಿನ್ ಅಧಿಕಾರ ಬೇಡ. ಸಿಸಿಟಿವಿ ಡಿವಿಆರ್ ಮತ್ತು ಗಿರಾಕಿಗಳ ವೈಫೈ ಬೇರೆ ನೆಟ್‌ವರ್ಕ್‌ನಲ್ಲಿರಲಿ.

ಬ್ಯಾಕಪ್‌ಗೆ ಎರಡು ಡಿಸ್ಕ್ ಇಟ್ಟುಕೊಂಡು ದಿನಬಿಟ್ಟು ದಿನ ಬದಲಾಯಿಸಿ, ಕಾಪಿ ಮುಗಿದೊಡನೆ ಕಳಚಿ, ಒಂದು ಮಾಲೀಕರ ಮನೆಯಲ್ಲಿರಲಿ. ತಿಂಗಳಿಗೊಮ್ಮೆ ಬೇರೆ ಕಂಪ್ಯೂಟರ್‌ನಲ್ಲಿ ಅದನ್ನು ರಿಸ್ಟೋರ್ ಮಾಡಿ, ಕೊನೆಯ ವೋಚರ್ ಇದೆಯೇ ಎಂದು ಕಣ್ಣಾರೆ ನೋಡಿ. ಅಪ್‌ಡೇಟ್ ಮುಂದೂಡುವ ಚಾಳಿಯನ್ನೂ ಬಿಡಬೇಕು: 2017ರ ಮೇ ತಿಂಗಳಲ್ಲಿ ಹಬ್ಬಿದ, ಫೈಲುಗಳನ್ನು ಲಾಕ್ ಮಾಡಿ ಹಣ ಕೇಳುವ ವಾನಾಕ್ರೈ ಪ್ರೋಗ್ರಾಂ ಬಳಸಿದ ದೋಷಕ್ಕೆ ಮೈಕ್ರೋಸಾಫ್ಟ್ ಮಾರ್ಚ್‌ನಲ್ಲೇ ಪರಿಹಾರ ಬಿಡುಗಡೆ ಮಾಡಿತ್ತು. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಇಷ್ಟಾದ ಮೇಲೆ ಎಂಟು ಯಂತ್ರಗಳಿಗೆ ವಿಂಡೋಸ್‌ನ ಜೊತೆಗೇ ಬರುವ ಡಿಫೆಂಡರ್ ಆಂಟಿವೈರಸ್ಸೇ ಸಾಕೆಂಬುದು ನನ್ನ ಅಭಿಪ್ರಾಯ.

ಪೋರ್ಟ್ ಮುಚ್ಚಿದ ಮೇಲೆ ಸರ್ವರ್‌ನ 4624 ನಮೂದುಗಳಲ್ಲಿ ಲಾಗಾನ್ ಟೈಪ್ 10 (ರಿಮೋಟ್ ಡೆಸ್ಕ್‌ಟಾಪ್ ಮೂಲಕ ಬಂದ ಲಾಗಿನ್) ಇರುವವನ್ನು ಹುಡುಕಿ, ಪ್ರತಿಯೊಂದರ ಐಪಿ ವಿಳಾಸ ನಿಮ್ಮ ಅಕೌಂಟೆಂಟ್‌ರದ್ದೇ ಎಂದು ಖಚಿತಪಡಿಸಿಕೊಳ್ಳಿ. ಅಪರಿಚಿತ ವಿಳಾಸ ಕಂಡರೆ ನೆಟ್‌ವರ್ಕ್ ಕೇಬಲ್ ಕಿತ್ತು, ಯಂತ್ರವನ್ನು ಫಾರ್ಮ್ಯಾಟ್ ಮಾಡದೆ ಲಾಗ್ ಉಳಿಸಿಕೊಳ್ಳಿ. 2022ರ ಏಪ್ರಿಲ್ 28ರ ನಿರ್ದೇಶನದಂತೆ ಇಂಥ ಘಟನೆಯನ್ನು ಗಮನಕ್ಕೆ ಬಂದ 6 ಗಂಟೆಗಳೊಳಗೆ ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್‌ಗೆ ವರದಿ ಮಾಡಬೇಕು.