ಪಟಿಕ ಸುರಿದಷ್ಟೂ ನೀರು ತಿಳಿಯಾಗುವುದಿಲ್ಲ

ವಿ.ಸಿ. (ವಿಶ್ವೇಶ್ವರಯ್ಯ) ನಾಲೆಯ ಬಗ್ಗಡ ನೀರನ್ನು ಜಾಡಿಯಲ್ಲಿ ರಾತ್ರಿಯಿಡೀ ಇಟ್ಟರೂ ತಿಳಿಯಾಗಲಿಲ್ಲ. ಪಟಿಕ ಹಾಕಿದಾಗ ತುಸು ತಿಳಿಯಾಯಿತು, ಇನ್ನಷ್ಟು ಹಾಕಿದರೆ ಮತ್ತೆ ಹಾಲಿನಂತಾಯಿತು. ಪಟಿಕ ಕಳಪೆಯೇ? – ಡಿಪ್ಲೊಮಾ ವಿದ್ಯಾರ್ಥಿ, ಮಂಡ್ಯ

ಮುಂಗಾರು ಬಂತೆಂದರೆ ಇದೇ ಪ್ರಶ್ನೆ. ಪಟಿಕವನ್ನು ದೂರಬೇಡಿ, ಅಳತೆ ನೋಡಿ.

ದಪ್ಪ ಮರಳೆಲ್ಲ ಕೃಷ್ಣರಾಜಸಾಗರದಲ್ಲೇ ತಳ ಸೇರುತ್ತದೆ. ನಾಲೆಗೆ ಬರುವುದು ಹೆಚ್ಚಾಗಿ ನುಣ್ಣನೆಯ ಜೇಡಿ. 0.1 ಮಿ.ಮೀ. ಮರಳಿನ ಕಣ 30 ಸೆಂ.ಮೀ. ಇಳಿಯಲು ಅರ್ಧ ನಿಮಿಷ ಸಾಕು. 0.01 ಮಿ.ಮೀ. ಗೋಡು ಮಣ್ಣಿಗೆ ಸುಮಾರು ಒಂದು ಗಂಟೆ ಬೇಕು, 0.001 ಮಿ.ಮೀ. ಜೇಡಿಗೆ ನಾಲ್ಕು ದಿನ. ಕಣದ ಅಗಲ ಹತ್ತನೇ ಒಂದಾದರೆ ವೇಗ ನೂರನೇ ಒಂದಾಗುತ್ತದೆ. ಜೊತೆಗೆ ಜೇಡಿ ಕಣಗಳ ಮೇಲೆಲ್ಲ ಋಣ ವಿದ್ಯುದಂಶ ಇರುವುದರಿಂದ ಒಂದನ್ನೊಂದು ದೂರ ತಳ್ಳುತ್ತವೆ, ಕೂಡಿ ದಪ್ಪವಾಗುವುದೇ ಇಲ್ಲ. ಒಂದು ರಾತ್ರಿಯಲ್ಲಿ ಅದು ಇಳಿಯಲಿಲ್ಲವೆಂದರೆ ಆಶ್ಚರ್ಯವೇನು?

ಪಟಿಕದ ಅಲ್ಯೂಮಿನಿಯಂ ಆ ಋಣವನ್ನು ಅಳಿಸುತ್ತದೆ, ಆಗ ಕಣಗಳು ಕೂಡಿ ಗಸಿಯಾಗಿ ಇಳಿಯುತ್ತವೆ. ಮಿತಿ ಮೀರಿದರೆ ಕಣಗಳಿಗೆ ಧನ ವಿದ್ಯುದಂಶ ಅಂಟಿ ಮತ್ತೆ ತಳ್ಳಾಟ ಶುರುವಾಗುತ್ತದೆ. ಇನ್ನೊಂದು ಪೆಟ್ಟೂ ಇದೆ: ಪ್ರತಿ 10 ಮಿ.ಗ್ರಾಂ. ಪಟಿಕ ಸುಮಾರು 5 ಮಿ.ಗ್ರಾಂ. ಕ್ಷಾರತೆಯನ್ನು, ಅಂದರೆ ನೀರಿನ ಆಮ್ಲ ತಡೆಯುವ ಶಕ್ತಿಯನ್ನು, ತಿನ್ನುತ್ತದೆ. ಕ್ಷಾರತೆ ಮುಗಿದು ಪಿಎಚ್ 5.5ಕ್ಕಿಂತ ಕೆಳಗಿಳಿದರೆ ಹತ್ತಿಯಂಥ ಗಸಿ ಕಟ್ಟುವುದಿಲ್ಲ. ಹಾಗಾಗಿ ಪಿಎಚ್ ಅಳೆಯದೆ ಇನ್ನೊಂದು ಚಮಚ ಹಾಕಲೇಬೇಡಿ.

10 ಗ್ರಾಂ ಫಿಲ್ಟರ್ ಪಟಿಕವನ್ನು (ನೀರು ಶುದ್ಧೀಕರಣಕ್ಕೆ ಬಳಸುವ ಅಲ್ಯೂಮಿನಿಯಂ ಸಲ್ಫೇಟ್) ಬಟ್ಟಿ ಇಳಿಸಿದ ನೀರಿನಲ್ಲಿ ಕರಗಿಸಿ ಒಂದು ಲೀಟರ್ ಮಾಡಿ. ಇದರ 1 ಮಿ.ಲೀ. ಅಂದರೆ 10 ಮಿ.ಗ್ರಾಂ. ಪಟಿಕ. ಲೀಟರಿನ ಆರು ಬೀಕರಿಗೆ 0, 1, 2, 3, 4, 5 ಮಿ.ಲೀ. ಹಾಕಿ. ಸೊನ್ನೆಯ ಬೀಕರು ಕಡ್ಡಾಯ. ಅದಿಲ್ಲದಿದ್ದರೆ ಯಾವುದಕ್ಕೆ ಹೋಲಿಸುತ್ತೀರಿ? ನಿಮಿಷಕ್ಕೆ 100 ಸುತ್ತಿನಂತೆ ಒಂದು ನಿಮಿಷ, ಆಮೇಲೆ 30 ಸುತ್ತಿನಂತೆ 20 ನಿಮಿಷ ಕಲಕಿ, ಅಲುಗಾಡಿಸದೆ ಅರ್ಧ ಗಂಟೆ ಬಿಡಿ. ಬಹಳ ಜನ ಎಡವುವುದು ನಿಧಾನದ ಕಲಕಿನಲ್ಲಿ: ಬೇಗ ಮುಗಿಸುವ ಆತುರಕ್ಕೆ ವೇಗ ಹೆಚ್ಚಿಸುತ್ತಾರೆ, ಕಟ್ಟಿದ ಗಸಿ ಒಡೆದು ಪುಡಿಯಾಗುತ್ತದೆ. ಬೀಕರುಗಳಿಗೆ ಕಿಟಕಿಯ ಬಿಸಿಲು ಬೀಳಬಾರದು. ಒಂದು ಪಕ್ಕ ಕಾದರೆ ನೀರು ಒಳಗೇ ಸುತ್ತುತ್ತದೆ, ಇಳಿಯುವ ಗಸಿ ಮೇಲೇರುತ್ತದೆ. ಕೊನೆಗೆ ಮೇಲ್ಮೈಯಿಂದ 3 ಸೆಂ.ಮೀ. ಕೆಳಗೆ ಪಿಪೆಟ್ ಇಳಿಸಿ ನೀರು ತೆಗೆದು ಕದಡು ಅಳೆಯಿರಿ. ಬೀಕರು ಬಗ್ಗಿಸಿ ಸುರಿದುಕೊಂಡಿರೋ, ಅರ್ಧ ದಿನದ ಕೆಲಸ ನೀರುಪಾಲು.

ಯಾವ ಪ್ರಮಾಣದಿಂದ ಮುಂದೆ ಹೆಚ್ಚೇನೂ ತಿಳಿಯಾಗುವುದಿಲ್ಲವೋ ಅದರ ಆಸುಪಾಸಿನಲ್ಲಿ 5 ಮಿ.ಗ್ರಾಂ. ಅಂತರದಲ್ಲಿ ಮತ್ತೊಮ್ಮೆ ಮಾಡಿ. ದಿನಸಿ ಅಂಗಡಿಯ ಹರಳು ಪೊಟ್ಯಾಶ್ ಪಟಿಕ, ಅದರಲ್ಲಿ ಅಲ್ಯೂಮಿನಿಯಂ ಪಾಲು ಕಡಿಮೆ. ಅದರ ಅಳತೆಯನ್ನು ಫಿಲ್ಟರ್ ಪಟಿಕಕ್ಕೆ ಹೊಂದಿಸಬೇಡಿ.

ತಳ ಸೇರುವ ಮಡ್ಡಿ ಅಳೆಯುವ ಶಂಕುವಾದ ಇಮ್ಹಾಫ್ ಕೋನ್‌ನಲ್ಲಿ ಒಂದೇ ನೀರಿಗೆ ಪ್ರತಿಸಲ ಬೇರೆ ಅಂಕಿ ಬರುತ್ತದೆ. – ಮೈಸೂರು

45 ನಿಮಿಷಕ್ಕೆ ಒಳಗೋಡೆಗೆ ಅಂಟಿದ್ದನ್ನು ಕಡ್ಡಿಯಿಂದ ಮೆಲ್ಲಗೆ ಬಿಡಿಸಿ, ಇನ್ನು 15 ನಿಮಿಷ ಬಿಟ್ಟು ಓದಿ. ಸುರಿಯುವ ಮುಂಚೆ ಕ್ಯಾನು ಚೆನ್ನಾಗಿ ಕುಲುಕಿ.

ನುಗ್ಗೆ ಬೀಜದ ಪುಡಿಯಿಂದ ನೀರು ತಿಳಿಯಾಗುವುದು ನಿಜವೇ? – ಪಾಂಡವಪುರ

ನಿಜ. ಆದರೆ ಬೀಜದ ಸಾರ ನೀರಿನಲ್ಲೇ ಉಳಿಯುವುದರಿಂದ ಹೆಚ್ಚು ಹೊತ್ತು ಇಟ್ಟರೆ ಕೊಳೆತು ನಾರುತ್ತದೆ.

ಫಿಲ್ಟರ್ ಮಾರುವವರು ನಲ್ಲಿ ನೀರಿಗೆ ಎರಡು ಕಡ್ಡಿ ಅದ್ದಿ ಕಂದು ಮಡ್ಡಿ ತೋರಿಸಿದರು. ನಮ್ಮ ನೀರು ಅಷ್ಟು ಕೊಳಕೇ? – ಶ್ರೀರಂಗಪಟ್ಟಣ

ಶುದ್ಧ ಮೋಸ. ಆ ಮಡ್ಡಿ ಕಬ್ಬಿಣದ ಕಡ್ಡಿಯದೇ: ಕರೆಂಟು ಹರಿದು ಕಡ್ಡಿ ಕರಗಿ ತುಕ್ಕಾಗುತ್ತದೆ. ಅವರ ಫಿಲ್ಟರಿನ ನೀರಿನಲ್ಲಿ ಲವಣ ಕಡಿಮೆ, ಕರೆಂಟು ಹರಿಯದು, ಬಣ್ಣವೂ ಬಾರದು. ಆ ನೀರಿಗೇ ಚಿಟಿಕೆ ಉಪ್ಪು ಹಾಕಿ ಕಡ್ಡಿ ಅದ್ದಲು ಹೇಳಿ, ಅದೂ ಕಂದಾಗುತ್ತದೆ.

ಪಟಿಕ ಹಾಕಿ ತಿಳಿಯಾದ ನೀರು ಕುಡಿಯಬಹುದೇ? – ಮದ್ದೂರು

ಕುದಿಸದೆ ಬೇಡ.