ಕನಸಲ್ಲಿ ಎಚ್ಚರ ಆಗ್ಬೇಕು ಅಂತ ನಿದ್ದೆನೇ ಬಿಟ್ಟ ಹುಡುಗ

ಲೂಸಿಡ್ ಡ್ರೀಮಿಂಗ್, ಅಂದ್ರೆ ಕನಸು ಬೀಳ್ತಿರುವಾಗ್ಲೇ ಇದು ಕನಸು ಅಂತ ಗೊತ್ತಾಗೋದು, ಈ ವಿಷ್ಯ ಇಟ್ಕೊಂಡು ಒಂದು ವರ್ಷದಲ್ಲಿ ನನ್ನ ಹತ್ರ ಕೌನ್ಸೆಲಿಂಗಿಗೆ ಬಂದವ್ರಲ್ಲಿ ಇವನು ನಾಲ್ಕನೆಯವನು. ನಾಲ್ಕೂ ಜನ 25 ದಾಟದ ಮಕ್ಕಳು, ನಾಲ್ಕೂ ಜನ ಯಾವ್ದೋ ವಿಡಿಯೋ ನೋಡಿ ಮೊದಲನೇ ರಾತ್ರಿನೇ ನಿದ್ದೆ ಮಧ್ಯ ಏಳೋಕೆ ಅಲಾರಂ ಇಟ್ಟವ್ರು, ಅದಕ್ಕೇ ಇದನ್ನ ಬರೀತಿದೀನಿ. ಹುಡುಗನ ಒಪ್ಪಿಗೆ ತಗೊಂಡಿದೀನಿ, ಊರು ಓದು ಎಲ್ಲ ಬದಲಾಯಿಸಿದೀನಿ, ಇಲ್ಲಿ ಸುಮಂತ ಅಂತ ಕರೀತೀನಿ.

ಕರ್ಕೊಂಡು ಬಂದಿದ್ದು ಅವರಮ್ಮ. "ಊಟಕ್ಕೆ ಕೂತ್ರೂ ಬೆರಳು ಎಣಿಸ್ತಾನೆ ಮೇಡಂ, ಇದ್ದಕ್ಕಿದ್ದಂಗೆ ಮೂಗು ಹಿಡ್ಕೊಂಡು ಉಸಿರು ಎಳೀತಾನೆ, ಯಾರೋ ಏನೋ ಮಾಡ್ಸಿದಾರೆ ಅಂತಾರೆ ನಮ್ಮತ್ತೆ" ಅಂದ್ರು. ಯಾರೂ ಏನೂ ಮಾಡ್ಸಿರ್ಲಿಲ್ಲ, ಅದು ರಿಯಾಲಿಟಿ ಚೆಕ್. ಕನಸಲ್ಲಿ ಮೂಗು ಮುಚ್ಕೊಂಡ್ರೂ ಉಸಿರಾಡಬಹುದು, ಬೆರಳು ಎಣಿಸಿದ್ರೆ ಆರೋ ಏಳೋ ಬರುತ್ತೆ, ಹಗಲಲ್ಲಿ ರೂಢಿ ಆದ್ರೆ ಕನಸಲ್ಲೂ ಕೈ ತಾನೇ ಹಾಗೆ ಮಾಡುತ್ತೆ, ಆಗ ಇದು ಕನಸು ಅಂತ ಗೊತ್ತಾಗುತ್ತೆ ಅನ್ನೋದು ಲೆಕ್ಕ. ತಪ್ಪೇನಿಲ್ಲ. ಆದ್ರೆ ಸುಮಂತ ದಿನಕ್ಕೆ ಐವತ್ತು ಅರವತ್ತು ಸಲ ಮಾಡ್ತಿದ್ದ, ರಾತ್ರಿ ಒಂದಕ್ಕೆ ಮಲಗಿ ಮೂರಕ್ಕೆ, ನಾಲ್ಕೂವರೆಗೆ, ಆರಕ್ಕೆ ಅಲಾರಂ, ಹೀಗೆ ಎರಡು ತಿಂಗಳು. ಕ್ಲಾಸಲ್ಲಿ ಕೂತಲ್ಲೇ ತೂಕಡಿಕೆ. ಇದು ನಿಜವಾಗ್ಲೂ ನಡೀತಿದ್ಯಾ ಅಂತ ಹಗಲೊತ್ತಲ್ಲೇ ಅನ್ಸೋಕೆ ಶುರುವಾಗಿತ್ತು.

ಒಂದಿನ ಬೆಳಗಿನ ಜಾವ ಎಚ್ಚರ ಆಗಿದೆ, ಕೈಕಾಲು ಅಲ್ಲಾಡಿಸಕ್ಕಾಗಿಲ್ಲ, ಎದೆ ಮೇಲೆ ಯಾರೋ ಕೂತಂಗಾಗಿದೆ. ಯಾರೋ ಏನೋ ಮಾಡ್ಸಿದಾರೆ ಅಂತ ಅಜ್ಜಿ ಅಂದಿದ್ದು ಅದಕ್ಕೇ. ಅದು ಸ್ಲೀಪ್ ಪ್ಯಾರಾಲಿಸಿಸ್. ಕನಸು ಜೋರಾಗಿ ಬೀಳೋ ರೆಮ್ ನಿದ್ದೇಲಿ, ಕನಸಿನ ಪ್ರಕಾರ ನಾವು ಎದ್ದು ಓಡಬಾರ್ದು ಅಂತ ದೇಹ ಸ್ನಾಯುಗಳನ್ನ ಸಡಿಲ ಬಿಟ್ಟಿರುತ್ತೆ, ಕಣ್ಣು ಮತ್ತೆ ಉಸಿರಾಟದ ಸ್ನಾಯು ಮಾತ್ರ ಓಡ್ತಿರುತ್ತೆ, ಆ ಹೊತ್ತಲ್ಲಿ ಮನಸ್ಸಿಗೆ ಮೊದ್ಲೇ ಎಚ್ಚರ ಆಗ್ಬಿಟ್ರೆ ಹೀಗಾಗೋದು. ನಿದ್ದೆ ಕಮ್ಮಿ ಆದವ್ರಿಗೆ ಜಾಸ್ತಿ ಆಗುತ್ತೆ. 1975ರಲ್ಲಿ ಇಂಗ್ಲೆಂಡಿನ ಹಲ್ ಯೂನಿವರ್ಸಿಟೀಲಿ ಕೀತ್ ಹರ್ನ್ ಅನ್ನೋರು ಲೂಸಿಡ್ ಕನಸು ನಿಜ ಅಂತ ತೋರಿಸಿದ್ದೂ ಈ ಓಡ್ತಿರೋ ಕಣ್ಣಿಂದಾನೇ, ಮಲಗಿದ್ದವನು ಕನಸಿನೊಳಗಿಂದಾನೇ ಕಣ್ಣನ್ನ ಎಡಕ್ಕೆ ಬಲಕ್ಕೆ ಆಡಿಸಿ ಸಿಗ್ನಲ್ ಕೊಟ್ಟಿದ್ದ. ಇದನ್ನ ಹೇಳ್ದಾಗ ಸುಮಂತ ಮೊದಲನೇ ಸಲ ನನ್ನ ಮುಖ ನೋಡಿ ಮಾತಾಡ್ದ.

ಮೂರನೇ ಸೆಷನ್ನಿಗೆ ಕನಸಿನ ನೋಟ್‌ಬುಕ್ ತಾ ಅಂದಿದ್ದೆ. ನೂರು ಪೇಜಿನ ಲಾಂಗ್ ಬುಕ್, ಕತ್ತಲಲ್ಲಿ ಪೆನ್ಸಿಲ್ಲಲ್ಲಿ ಬರ್ದಿದ್ದು, ಸಾಲು ಸಾಲಿನ ಮೇಲೆ ಹತ್ತಿ ಕೆಲವು ಕಡೆ ಓದಕ್ಕೇ ಆಗ್ತಿರ್ಲಿಲ್ಲ. ಹಾರಿದ್ದು, ಬೆಟ್ಟ, ಸಮುದ್ರ ಇರುತ್ತೆ ಅಂದ್ಕೊಂಡಿದ್ದೆ. ಪುಟ ತಿರುಗಿಸ್ತಾ ಹೋದ್ರೆ "ಲ್ಯಾಬ್", "ಮತ್ತೆ ಲ್ಯಾಬ್", "ಲ್ಯಾಬ್, ಎಕ್ಸ್‌ಟರ್ನಲ್ ಬಂದ್ರು". ಹನ್ನೊಂದು ಸಲ.

"ಇದೇನಪ್ಪ ಲ್ಯಾಬು ಇಷ್ಟೊಂದ್ಸಲ?" ಅಂದೆ.

ತುಂಬ ಹೊತ್ತು ಸುಮ್ನಿದ್ದ. ಆಮೇಲೆ, "ಹಾರಕ್ಕಲ್ಲ ಮೇಡಂ ನಾನಿದು ಕಲೀತಿರೋದು. ಆ ರೂಮಿಂದ ಎದ್ದು ಆಚೆ ಬರಕ್ಕೆ" ಅಂದ.

ಅಲ್ಲಿವರೆಗೆ ನಾನು ಇದನ್ನ ನಿದ್ದೆಗೆಟ್ಟ ಹುಡುಗನ ಹವ್ಯಾಸ ಅಂತಾನೇ ನೋಡ್ತಿದ್ದೆ. ಫಸ್ಟ್ ಇಯರ್ ಲ್ಯಾಬ್ ವೈವಾದಲ್ಲಿ, ಅಂದ್ರೆ ಬಾಯಿ ಪರೀಕ್ಷೇಲಿ, ಪ್ರಶ್ನೆ ಕೇಳಿದಾಗ ಇವನಿಗೆ ಬಾಯೇ ಬಂದಿಲ್ಲ, ಎಕ್ಸ್‌ಟರ್ನಲ್, ಅಂದ್ರೆ ಹೊರಗಿಂದ ಬಂದಿದ್ದ ಪರೀಕ್ಷಕರು, ಇಡೀ ಬ್ಯಾಚ್ ಮುಂದೆ "ನಿಮ್ಮಪ್ಪ ಫೀಸ್ ಕಟ್ಟಿರೋದು ನೀನು ಕಂಬದ ಥರ ನಿಂತ್ಕೊಳಕ್ಕಾ" ಅಂದಿದಾರೆ, ಎಲ್ರೂ ನಕ್ಕಿದಾರೆ. ಕನಸಲ್ಲಿ ಅದೇ ರೂಮು, ಅದೇ ನಗು, ಬಾಯೊಳಗೆ ಹಿಟ್ಟು ಮೆತ್ಕೊಂಡಂಗೆ. ಮನೇಲಿ ಯಾರಿಗೂ ಹೇಳಿರ್ಲಿಲ್ಲ, ಅಪ್ಪ ಫೀಸಿಗೆ ಸಾಲ ಮಾಡಿದ್ರು ಅಂತ.

ಅವತ್ತು ನಾನು ಹೇಳಿದ್ದು ಇಷ್ಟೆ, ಕನಸಿನ ಒಳಗೆ ಹೋಗಿ ಬದಲಾಯಿಸೋದು ಆಮೇಲೆ, ಮೊದ್ಲು ಹಗಲಲ್ಲಿ ಕೂತು ಬದಲಾಯಿಸೋಣ. ಇದಕ್ಕೆ ಇಮೇಜರಿ ರಿಹರ್ಸಲ್ ಅಂತಾರೆ, ಪದೇ ಪದೇ ಬೀಳೋ ಕೆಟ್ಟ ಕನಸಿಗೆ ಚೆನ್ನಾಗಿ ಪರೀಕ್ಷೆ ಆಗಿರೋ ವಿಧಾನ, ಕನಸನ್ನ ಬರ್ದು, ಅದರ ಕಥೆ ನಿಮಗೆ ಬೇಕಾದಂಗೆ ತಿದ್ದಿ, ತಿದ್ದಿದ್ದನ್ನ ದಿನಾ ಹತ್ತಿಪ್ಪತ್ತು ನಿಮಿಷ ಕಣ್ಮುಚ್ಚಿ ಮನಸ್ಸಲ್ಲೇ ನಡೆಸೋದು. ಉತ್ತರ ಪಟಪಟ ಹೇಳ್ದಂಗೆ ಬರೀತಾನೆ ಅಂದ್ಕೊಂಡಿದ್ದೆ. ಅವನು ಬರ್ದಿದ್ದು, "ಕುಡಿಯಕ್ಕೆ ನೀರು ಬೇಕು ಸಾರ್ ಅಂತ ಕೇಳ್ತೀನಿ. ಸ್ಟೀಲ್ ಲೋಟದಲ್ಲಿ ಕೊಡ್ತಾರೆ. ಕುಡೀತೀನಿ. ಗೊತ್ತಿಲ್ಲ ಸಾರ್ ಅಂತೀನಿ." ಅದನ್ನ ನಾನು ಒಂದಕ್ಷರ ತಿದ್ದಲಿಲ್ಲ.

ಇದೆಲ್ಲ ಬಿಟ್ಬಿಡು ಅಂತ ಯಾಕೆ ಹೇಳ್ಲಿಲ್ಲ ಅಂತ ಅವರಮ್ಮನೂ ಕೇಳಿದ್ರು, ನನ್ನ ಜೊತೆ ಕೆಲಸ ಮಾಡೋರೊಬ್ರೂ ಕೇಳಿದ್ರು. ಬಿಡಿಸಿದ್ರೆ ಆ ರೂಮಿಂದ ಆಚೆ ಬರೋಕೆ ಅವನೇ ಹುಡುಕ್ಕೊಂಡಿದ್ದ ಒಂದೇ ಬಾಗಿಲನ್ನ ನಾನೇ ಮುಚ್ಚಿದಂಗೆ ಆಗ್ತಿತ್ತು. ಕನಸು ಬೀಳುವಾಗ ಎಚ್ಚರ ಇರೋದು ಹುಚ್ಚಲ್ಲ, ಟಿಬೆಟಿನ ಬೌದ್ಧರಲ್ಲಿ ಅದೊಂದು ಸಾಧನೆ, ಸ್ವಪ್ನ ಯೋಗ ಅಂತಾನೇ ಇದೆ. ಹಾಗಂತ ಎಲ್ರಿಗೂ ಹೂಂ ಅನ್ನಲ್ಲ. ಸೈಕೋಸಿಸ್ (ಇಲ್ಲದ್ದು ಕಾಣೋದು, ಕೇಳಿಸೋದು) ಆಗಿದ್ದವ್ರು, ಬೈಪೋಲಾರ್ (ಮನಸ್ಸು ಅತಿ ಉತ್ಸಾಹಕ್ಕೂ ಅತಿ ಕುಗ್ಗೋದಕ್ಕೂ ಹೋಗೋದು) ಇರೋವ್ರು ಬೇಡವೇ ಬೇಡ ಅಂತ ನೇರ ಹೇಳ್ತೀನಿ. ಕನಸು ಯಾವ್ದು ನಿಜ ಯಾವ್ದು ಅಂತ ಹಗಲಲ್ಲೇ ಗೊಂದಲ ಆಗೋವ್ರು ಎಲ್ಲ ನಿಲ್ಲಿಸಿ ಸೈಕಿಯಾಟ್ರಿಸ್ಟ್ ಹತ್ರ ಹೋಗಿ, ಎಲ್ಲಿ ಹೋಗ್ಬೇಕು ಗೊತ್ತಾಗ್ಲಿಲ್ಲ ಅಂದ್ರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ಸುಮಂತನ್ನೂ ಮೊದ್ಲು ಕಳಿಸಿದ್ದು ಸೈಕಿಯಾಟ್ರಿಸ್ಟ್ ಹತ್ರಾನೇ, ಡಾಕ್ಟ್ರು ನೋಡಿ ನಿದ್ದೆ ಸರಿ ಮಾಡ್ಕೊ ಸಾಕು ಅಂದ್ಮೇಲೇ ಮುಂದುವರಿದ್ವಿ.

ಹೊಸದಾಗಿ ಶುರು ಮಾಡೋವ್ರಿಗೆ, ಅವನಿಗೆ ಹೇಳಿದ್ದನ್ನೇ ಹೇಳ್ತೀನಿ. ಮೊದಲ ಒಂದು ತಿಂಗಳು ಅಲಾರಂ ಮುಟ್ಟಬೇಡಿ. ಒಂದೇ ಹೊತ್ತಿಗೆ ಮಲಗಿ ಏಳೆಂಟು ಗಂಟೆ ನಿದ್ದೆ ಮಾಡಿ, ಯಾಕಂದ್ರೆ ರಾತ್ರಿಯ ಮೊದಲ ಭಾಗ ಹೆಚ್ಚಾಗಿ ಗಾಢ ನಿದ್ದೆ, ಉದ್ದುದ್ದ ಕನಸು ಇರೋದು ಬೆಳಗಿನ ಜಾವದ ನಿದ್ದೇಲಿ, ನಿದ್ದೆ ಕತ್ತರಿಸಿದ್ರೆ ಮೊದ್ಲು ಹೋಗೋದು ಅದೇ. ಎದ್ದ ತಕ್ಷಣ ಅಲ್ಲಾಡದೆ, ಫೋನ್ ನೋಡದೆ, ನೆನಪಿದ್ದಷ್ಟು ಬರೀರಿ, ಒಂದೇ ಪದ ಆದ್ರೂ ಸರಿ. ರಿಯಾಲಿಟಿ ಚೆಕ್ ದಿನಕ್ಕೆ ಐದಾರು ಸಲ ಸಾಕು, ಆದ್ರೆ ಮಾಡುವಾಗ ಇಲ್ಲಿಗೆ ಹೇಗೆ ಬಂದೆ, ಐದು ನಿಮಿಷದ ಹಿಂದೆ ಎಲ್ಲಿದ್ದೆ ಅಂತ ನಿಜವಾಗ್ಲೂ ಕೇಳ್ಕೊಳಿ, ಬೋರ್ಡೋ ಗಡಿಯಾರಾನೋ ಇದ್ರೆ ಎರಡು ಸಲ ಓದಿ, ಕನಸಲ್ಲಿ ಎರಡನೇ ಸಲಕ್ಕೆ ಸಾಮಾನ್ಯವಾಗಿ ಅಕ್ಷರ ಬದಲಾಗಿರುತ್ತೆ. ಆಮೇಲೆ ಬೇಕಿದ್ರೆ ವಾರಕ್ಕೊಂದು ದಿನ, ಅದೂ ರಜೆ ದಿನ, ಐದು ಗಂಟೆ ನಿದ್ದೆ ಆದ್ಮೇಲೆ ಎದ್ದು, ಈಗ ಬಿದ್ದಿದ್ದ ಕನಸು ನೆನಪಿಸ್ಕೊಂಡು, "ಮುಂದಿನ ಸಲ ಕನಸು ಬಿದ್ದಾಗ ಇದು ಕನಸು ಅಂತ ನೆನಪಿಸ್ಕೋತೀನಿ" ಅಂತ ಹೇಳ್ಕೊಂಡು ಮತ್ತೆ ಮಲಗಿ. ಆಸ್ಟ್ರೇಲಿಯಾದ ಅಡಿಲೇಡ್‌ನಲ್ಲಿ 2017ರಲ್ಲಿ ಬಂದ ಅಧ್ಯಯನದಲ್ಲಿ ಇದನ್ನೆಲ್ಲ ಸೇರಿಸಿ ಒಂದು ವಾರ ಮಾಡಿದವ್ರಿಗೆ ಲೂಸಿಡ್ ಕನಸು ಸಿಕ್ಕಿದ್ದು ಪ್ರಯತ್ನಗಳಲ್ಲಿ ಸುಮಾರು 17 ಪರ್ಸೆಂಟ್, ಅಂದ್ರೆ ಆರು ಸಲಕ್ಕೆ ಒಂದ್ಸಲ. ಬೇಗ ನಿದ್ದೆಗೆ ಜಾರಿದವ್ರಿಗೇ ಜಾಸ್ತಿ ಸಿಕ್ಕಿತ್ತು. ಹಠ ಹಿಡಿದು ಕಣ್ಬಿಟ್ಕೊಂಡಿದ್ರೆ ಸಿಗಲ್ಲ. ಸಿಕ್ಕಾಗ ಖುಷಿಗೇ ಎಚ್ಚರ ಆಗ್ಬಿಡುತ್ತೆ, ಆಗ ಕನಸು ಬಿಟ್ಹೋಗದಂಗೆ ಕನಸಲ್ಲೇ ಎರಡು ಅಂಗೈ ಉಜ್ಜಿ ನೋಡಿ.

ಸುಮಂತನ ಬೆರಳು ಎಣಿಸೋದು ಮೂರು ವಾರದಲ್ಲಿ ಕಮ್ಮಿ ಆಯ್ತು. ಲ್ಯಾಬ್ ಕನಸು ಆಮೇಲೂ ಬಿತ್ತು, ವಾರಕ್ಕೆರಡು ಸಲ ಇದ್ದಿದ್ದು ತಿಂಗಳಿಗೊಂದು ಆಯ್ತು. ಅಪ್ಪನಿಗೆ ವೈವಾ ವಿಷ್ಯ ಹೇಳೋಕೆ ಇನ್ನೂ ಎರಡು ಸೆಷನ್ ಬೇಕಾಯ್ತು, ಅದು ಬೇರೆ ಕಥೆ.

ಕೊನೇ ಸಲ ಬಂದಾಗ ಕೂತ್ಕೊಳೋಕ್ ಮುಂಚೆನೇ ನೋಟ್‌ಬುಕ್ ತೆಗ್ದ. "ಗೋಡೆ ಮೇಲೆ ಚಾರ್ಟ್ ಇತ್ತು ಮೇಡಂ, ಓದ್ದೆ, ಇನ್ನೊಂದ್ಸಲ ನೋಡಿದ್ರೆ ಬೇರೆ ಏನೋ ಇತ್ತು, ಇದು ಕನಸು ಅಂತ ಗೊತ್ತಾಯ್ತು. ಬಾಗಿಲು ತೆಗ್ದೇ ಇತ್ತು. ಆದ್ರೆ ನಾನು ಎದ್ದು ಬರ್ಲಿಲ್ಲ, ನೀರು ಕೇಳ್ದೆ."

"ಕೊಟ್ರಾ?" ಅಂದೆ.

"ಲೋಟ ಕೈಗೆ ತಗೊಂಡೆ, ತಣ್ಣಗಿತ್ತು ಮೇಡಂ. ಅಷ್ಟ್ರಲ್ಲಿ ಎಚ್ಚರ ಆಯ್ತು."