ಆಪ್ತಸಲಹೆ ಪ್ರಕರಣ: “ನಂಗೆ ಗ್ರಾಫಿಕ್ಸ್ ಬೇಕು”

(ಗುರುತು ಸಿಗದಂತೆ ವಿವರಗಳನ್ನು ಬದಲಿಸಲಾಗಿದೆ.)

ಡಿಸೆಂಬರ್ ಎರಡನೇ ವಾರ, ಚಿಕ್ಕಬಳ್ಳಾಪುರ. ನಮ್ಮ ಬಳಿ ಸಲಹೆಗೆ ಬಂದವರು ತಂದೆ, ಮಗಳು. ಊರು ಶಿಡ್ಲಘಟ್ಟದ ಕಡೆ. ಮಗಳು ದ್ವಿತೀಯ ಪಿಯುಸಿ, ವಾಣಿಜ್ಯ. ತಂದೆಯದು ಮನೆ ಹಿಂದಿನ ಶೆಡ್ಡಿನಲ್ಲಿ ರೀಲಿಂಗ್. ಮಾರ್ಕೆಟ್ಟಿನಲ್ಲಿ ಗೂಡು ಕೊಂಡು ರೇಷ್ಮೆ ನೂಲು ತೆಗೆಯುವ ಕಸುಬು.

ತಂದೆ ನೇರವಾಗಿಯೇ ಶುರುಮಾಡಿದರು: “ಚಿತ್ರ ಬರೆಯೋದು ಬೇಡ ಅನ್ನಲ್ಲ ಮೇಡಮ್. ಮನೇಲಿ ಕೂತು ಎಷ್ಟಾದ್ರೂ ಬರ್ಕೊಳ್ಳಲಿ. ಕೈಯಲ್ಲಿ ಒಂದು ಡಿಗ್ರಿ ಇರ್ಬೇಕಲ್ವಾ? ಬಿ.ಕಾಂ. ಮಾಡಿದ್ರೆ ಬ್ಯಾಂಕ್ ಪರೀಕ್ಷೆನಾದ್ರೂ ಕಟ್ಟಬಹುದು.” ಮಗಳು ಹೇಳಿದ್ದು ಮೂರೇ ಪದ: “ನಂಗೆ ಗ್ರಾಫಿಕ್ಸ್ ಬೇಕು.” ಅವಳ ಚೀಲದಲ್ಲಿ ಬೆಂಗಳೂರಿನ ಖಾಸಗಿ ಸಂಸ್ಥೆಯೊಂದರ ಬಣ್ಣದ ಕರಪತ್ರ. ಆ ತಿಂಗಳೊಳಗೆ ಮುಂಗಡ ಕಟ್ಟಿದರೆ ರಿಯಾಯಿತಿ ಎಂದು ಅದರಲ್ಲಿತ್ತು.

ಇಬ್ಬರಿಗೂ ಒಂದೊಂದು ವಿಷಯ ತಪ್ಪಾಗಿ ತಿಳಿದಿತ್ತು. ಚಿತ್ರಕಲೆ ಓದಿದರೆ ಡಿಗ್ರಿ ಸಿಗದು ಎಂದು ತಂದೆ ತಿಳಿದಿದ್ದರು. ಆದರೆ ಬಿ.ವಿ.ಎ. (ಬ್ಯಾಚುಲರ್ ಆಫ್ ವಿಷುಯಲ್ ಆರ್ಟ್ಸ್, ದೃಶ್ಯಕಲೆಯ ಪದವಿ) ನಾಲ್ಕು ವರ್ಷದ ಪದವಿಯೇ. ಕೆಲವು ವಿಶ್ವವಿದ್ಯಾಲಯಗಳಲ್ಲಿ ಅದಕ್ಕೆ ಬಿ.ಎಫ್.ಎ. (ಬ್ಯಾಚುಲರ್ ಆಫ್ ಫೈನ್ ಆರ್ಟ್ಸ್) ಎನ್ನುತ್ತಾರೆ. ಪಿಯುಸಿಯಲ್ಲಿ ವಾಣಿಜ್ಯ ಓದಿದವರೂ ಸೇರಬಹುದು. ಮಾನ್ಯತೆ ಪಡೆದ ವಿಶ್ವವಿದ್ಯಾಲಯ ಕೊಟ್ಟ ಪದವಿಯಾದರೆ, “ಯಾವುದೇ ಪದವಿ” ಎಂದು ಕೇಳುವ ಬ್ಯಾಂಕ್ ಪರೀಕ್ಷೆಗೂ ಕೂರಬಹುದು. ಇದನ್ನು ಕೇಳಿದ ಮೇಲೆ ತಂದೆ ಕುರ್ಚಿಗೆ ಒರಗಿ ಕೂತರು.

ಮಗಳದ್ದು “ಗ್ರಾಫಿಕ್ಸ್” ಪದದ ಗೊಂದಲ. ಕಲಾ ಕಾಲೇಜಿನಲ್ಲಿ ಗ್ರಾಫಿಕ್ ವಿಭಾಗ ಎಂದರೆ ಮುದ್ರಣಕಲೆ: ಮರ ಕೆತ್ತಿ ಶಾಯಿ ಹಚ್ಚುವುದು, ತಾಮ್ರ ಅಥವಾ ಸತುವಿನ ತಗಡನ್ನು ಆಮ್ಲದಲ್ಲಿ ಕೊರೆದು ಪ್ರೆಸ್ಸಿನಡಿ ಒತ್ತುವುದು (ಎಚಿಂಗ್), ಕಲ್ಲಿನ ಮೇಲೆ ಬರೆದು ಅಚ್ಚು ತೆಗೆಯುವುದು. ಇವಳ ಮನಸ್ಸಿನಲ್ಲಿದ್ದ ಲೋಗೊ, ಪೋಸ್ಟರ್, ಪುಸ್ತಕದ ಮುಖಪುಟ ಇವೆಲ್ಲ ಅನ್ವಯಿಕ ಕಲೆಗೆ (ಅಪ್ಲೈಡ್ ಆರ್ಟ್) ಸೇರಿದವು. ಅರ್ಜಿಯಲ್ಲಿ ಗ್ರಾಫಿಕ್ಸ್ ಎಂದು ಬರೆದು, ಆಮೇಲೆ ಕಂಪ್ಯೂಟರ್ ಎಲ್ಲಿ ಎಂದು ಹುಡುಕುವ ಮಕ್ಕಳು ಪ್ರತಿ ವರ್ಷ ಸಿಗುತ್ತಾರೆ.

ಕರಪತ್ರದಲ್ಲಿ ಎಲ್ಲೂ ವಿಶ್ವವಿದ್ಯಾಲಯದ ಹೆಸರಿರಲಿಲ್ಲ. ಇದ್ದದ್ದು “ಅಡ್ವಾನ್ಸ್ಡ್ ಡಿಪ್ಲೊಮಾ” ಎಂಬ ಮಾತು. ಡಿಪ್ಲೊಮಾ ಕೆಟ್ಟದ್ದೇನಲ್ಲ, ಸಾಫ್ಟ್‌ವೇರ್ ಬೇಗ ಕಲಿಸುತ್ತದೆ. ಆದರೆ ತಂದೆ ಕೇಳಿದ ಡಿಗ್ರಿ ಅದಲ್ಲ. ಪ್ರಮಾಣಪತ್ರದ ಮೇಲೆ ಯಾವ ವಿಶ್ವವಿದ್ಯಾಲಯದ ಮುದ್ರೆ ಇರುತ್ತದೆ, ಸೀಟು ಬಿಟ್ಟರೆ ಮುಂಗಡದಲ್ಲಿ ಎಷ್ಟು ವಾಪಸ್, ಈ ಎರಡನ್ನೂ ಬರಹದಲ್ಲಿ ಕೇಳಿ ಎಂದೆವು. ಫೋನಿನಲ್ಲಿ ಉತ್ತರ ಬಂತು, ಬರಹದಲ್ಲಿ ಬರಲಿಲ್ಲ. ಮುಂಗಡ ಕಟ್ಟಲಿಲ್ಲ.

ಇನ್ನು ಅವಳ ಚಿತ್ರಗಳು. ಫೈಲಿನಲ್ಲಿ ಇಪ್ಪತ್ತಮೂರು ಹಾಳೆ, ಎಲ್ಲವೂ ಮೊಬೈಲ್ ಫೋಟೊ ನೋಡಿ ಚೌಕ ಹಾಕಿ ಬರೆದ ಮುಖಗಳು. ನಟರು, ದೇವರು, ಅಕ್ಕನ ಮಗು. ಕೈ ಚೆನ್ನಾಗಿದೆ, ತಾಳ್ಮೆಯೂ ಇದೆ. ಆದರೆ ಪ್ರವೇಶ ಪರೀಕ್ಷೆಯಲ್ಲಿ ಎದುರಿಗೆ ಫೋಟೊ ಇರುವುದಿಲ್ಲ. ಮೇಜಿನ ಮೇಲೆ ಬಿಂದಿಗೆ, ಬಟ್ಟೆ, ಎರಡು ಹಣ್ಣು ಇರುತ್ತವೆ. ಇಲ್ಲವೇ “ಸಂತೆ” ಎಂದು ಕೊಟ್ಟು ನೆನಪಿನಿಂದ ಬರೆಯಲು ಹೇಳುತ್ತಾರೆ. ಫೋಟೊ ನಕಲಿನ ಗುರುತು ಮೇಷ್ಟರುಗಳಿಗೆ ಕೂಡಲೇ ಸಿಗುತ್ತದೆ: ಹತ್ತಿರದಿಂದ ತೆಗೆದ ಫೋಟೊದಲ್ಲಿ ಮೂಗು ದೊಡ್ಡದಾಗಿ ಕಿವಿ ಹಿಂದೆ ಸರಿದಿರುತ್ತದೆ, ಟಿಶ್ಯೂ ಹಾಕಿ ಉಜ್ಜಿದ ನೆರಳೆಲ್ಲ ಒಂದೇ ಬೂದು, ತೀರ ಮೆದುವಾದ 8ಬಿ ಪೆನ್ಸಿಲ್ ಹಚ್ಚಿದ ಕಡೆ ಎಣ್ಣೆ ಹಚ್ಚಿದ ಹಾಗೆ ಹೊಳಪು.

ಅಲ್ಲೇ ಒಂದು ಸ್ಟೀಲ್ ಬಿಂದಿಗೆ ಇಟ್ಟು ಬರೆಸಿದೆವು, ನಲವತ್ತು ನಿಮಿಷ. ಬಿಂದಿಗೆ ಹಾಳೆಯ ಒಂದು ಮೂಲೆಯಲ್ಲಿ ಅಂಗೈಯಷ್ಟಾಯಿತು. ಬಾಯಿಯ ಅಂಡಾಕಾರದ ಎರಡು ತುದಿ ನಿಂಬೆಹಣ್ಣಿನಂತೆ ಚೂಪು, ತಳ ಮಾತ್ರ ಸ್ಕೇಲ್ ಇಟ್ಟು ಗೆರೆ ಎಳೆದಷ್ಟು ನೇರ. ಮೊದಲ ಸಲ ಬರೆಯುವ ಮುಕ್ಕಾಲು ಪಾಲು ಮಕ್ಕಳು ಮಾಡುವ ತಪ್ಪೇ ಇದು. ತಳ ಮೇಜಿನ ಮೇಲೆ ಸಮನಾಗಿ ಕೂತಿದೆ ಎಂದು ತಲೆಗೆ ಗೊತ್ತು, ಕೈ ತಲೆಯ ಮಾತು ಕೇಳುತ್ತದೆ. ಕಣ್ಣಿಗೆ ಕಾಣುವುದು ಬೇರೆ: ಕಣ್ಣಿನ ಮಟ್ಟದಿಂದ ಕೆಳಗಿಳಿದಷ್ಟೂ ವೃತ್ತ ಹೆಚ್ಚು ತೆರೆದುಕೊಳ್ಳುತ್ತದೆ. ಹಾಗಾಗಿ ತಳದ ಬಾಗು ಬಾಯಿಯ ಬಾಗಿಗಿಂತ ದುಂಡಗಿರಬೇಕು. ಎದುರಿನ ವಸ್ತುವಿನ ಅಳತೆ ತೆಗೆಯಲು ಪೆನ್ಸಿಲ್ ಹಿಡಿದಾಗ ಮೊಣಕೈ ಒಮ್ಮೆ ಮಡಿಸಿ ಒಮ್ಮೆ ಚಾಚುತ್ತಿದ್ದಳು. ಅದರಿಂದ ಪ್ರತಿ ಅಳತೆಯೂ ಬೇರೆ. ತೋಳು ಪೂರ್ತಿ ಚಾಚಿ, ಒಂದು ಕಣ್ಣು ಮುಚ್ಚಿ ಅಳೆಯಬೇಕು.

ಪಿಯು ಪರೀಕ್ಷೆ ಮುಗಿಯುವವರೆಗೆ ದಿನಕ್ಕೆ ನಲವತ್ತು ನಿಮಿಷ, ಅದಕ್ಕಿಂತ ಹೆಚ್ಚು ಬೇಡ ಎಂದೆವು. ಎರಡೆರಡು ನಿಮಿಷದ ಹತ್ತು ಗೆರೆಚಿತ್ರ, ಉಳಿದರ್ಧ ಒಂದೇ ವಸ್ತು. ಸಾಮಾನು: ಕಾರ್ಟ್ರಿಡ್ಜ್ ಶೀಟನ್ನು (ಚಿತ್ರ ಬರೆಯುವ ದಪ್ಪ ಹಾಳೆ) ಅರ್ಧ ಮಾಡಿದ್ದು, 2ಬಿ, 4ಬಿ, 6ಬಿ ಪೆನ್ಸಿಲ್ ಒಂದೊಂದು, ಇದ್ದಿಲ ಕಡ್ಡಿ. ರಬ್ಬರ್ ಮೊದಲ ಹದಿನೈದು ದಿನ ಮುಟ್ಟುವಂತಿಲ್ಲ. ಫೋಟೊ ಬೇಡ, ಅಪ್ಪನ ಶೆಡ್ಡೇ ಸಾಕು: ಬಿಸಿನೀರಿನ ಬೇಸಿನ್, ಗೂಡಿನ ಬುಟ್ಟಿ, ರಾಟೆ, ಬಗ್ಗಿ ಕೂತ ಕೆಲಸದವರು. ನೆನಪಿನ ಚಿತ್ರಕ್ಕೆ ಸಮ ನೆಲದಲ್ಲಿ ನಿಂತು ನೋಡಿದ ಜನರಾದರೆ ಒಂದು ಸೂತ್ರ: ನಮ್ಮಷ್ಟೇ ಎತ್ತರದವರ ತಲೆಗಳೆಲ್ಲ ದಿಗಂತದ ಗೆರೆಯಲ್ಲೇ ಇರುತ್ತವೆ, ದೂರ ಹೋದಂತೆ ಮೇಲೇರುವುದು ಪಾದ. ತನ್ನ ನೆನಪಿನ ಚಿತ್ರದಲ್ಲಿ ಅವಳು ಪಾದಗಳನ್ನು ಒಂದೇ ಸಾಲಿನಲ್ಲಿ ನಿಲ್ಲಿಸಿ, ದೂರದವರನ್ನು ಕುಳ್ಳ ಮಾಡಿದ್ದಳು.

ಎರಡನೇ ಭೇಟಿ ಏಪ್ರಿಲ್‌ನಲ್ಲಿ. ಅವಳು ತಂದ ರೀಲಿಂಗ್ ಚಿತ್ರವನ್ನು ನಮಗಿಂತ ಮೊದಲು ತಂದೆಯೇ ಎತ್ತಿಕೊಂಡು ನೋಡಿದರು. “ಬಟನ್ ಎಲ್ಲಮ್ಮಾ? ನೂಲು ನೀರಿಂದ ನೇರ ರಾಟೆಗೆ ಹಾರುತ್ತಾ?” ಎಳೆಗಳು ಒಟ್ಟುಗೂಡಿ ಸಣ್ಣ ರಂಧ್ರದ ಬಟನ್ ದಾಟಿ ಮೇಲೆ ಹೋಗುವುದನ್ನು ಅವಳು ಹುಟ್ಟಿದಾಗಿನಿಂದ ಕಂಡಿದ್ದರೂ ನೋಡಿರಲಿಲ್ಲ. ಮುಂದಿನ ಹಾಳೆಯಲ್ಲಿ ಬಟನ್ ಬಂತು. ಸಂದರ್ಶನಕ್ಕೆ ಆ ಎರಡೂ ಹಾಳೆಯನ್ನು ಜೊತೆಯಾಗಿ ಒಯ್ಯಬೇಕು, ಹಳೆಯ ಮುಖಗಳಲ್ಲಿ ಎರಡೇ ಸಾಕು, ಒಟ್ಟು ಹದಿನೈದು ಹಾಳೆ ದಾಟಬಾರದು ಎಂದು ತೀರ್ಮಾನವಾಯಿತು.

ಕಾಲೇಜಿನ ಪಟ್ಟಿಯಲ್ಲಿ ಉಳಿದದ್ದು ಎರಡು. ಬೆಂಗಳೂರಿನ ಕುಮಾರಕೃಪಾ ರಸ್ತೆಯಲ್ಲಿರುವ ಚಿತ್ರಕಲಾ ಪರಿಷತ್ತಿನ ಕಾಲೇಜು, ಮತ್ತು ಮೈಸೂರಿನ ಕಾವಾ (ಚಾಮರಾಜೇಂದ್ರ ಅಕಾಡೆಮಿ ಆಫ್ ವಿಷುಯಲ್ ಆರ್ಟ್ಸ್). ಪರಿಷತ್ತು 1960ರದು, ಅದರ ಗ್ಯಾಲರಿಗಳಲ್ಲಿ ಪ್ರದರ್ಶನ ನಡೆಯುತ್ತಲೇ ಇರುತ್ತದೆ, ಕಲಾವಿದರು ರಸ್ತೆಯಲ್ಲೇ ಚಿತ್ರ ಮಾರುವ ಜನವರಿಯ ಚಿತ್ರಸಂತೆ ಕಾಲೇಜಿನ ಬಾಗಿಲಲ್ಲೇ. ಕಾವಾ 1906ರಲ್ಲಿ ಅಡಿಗಲ್ಲು ಬಿದ್ದ ಚಾಮರಾಜೇಂದ್ರ ತಾಂತ್ರಿಕ ಸಂಸ್ಥೆಯಿಂದ ಬೆಳೆದು ಬಂದ ಸರ್ಕಾರಿ ಸಂಸ್ಥೆ. ಎರಡಕ್ಕೂ ಅರ್ಜಿ ಹಾಕಿ, ಕೆಲಸದ ದಿನ ಹೋಗಿ ನೋಡಿಬನ್ನಿ ಎಂದೆವು. ನೋಡಬೇಕಾದ್ದು ಕಟ್ಟಡವಲ್ಲ. ಎಚಿಂಗ್ ಪ್ರೆಸ್ಸಿನ ಮೇಲೆ ಹಸಿ ಶಾಯಿ ಇದೆಯೋ ಧೂಳಿದೆಯೋ, ಸಂಜೆ ಐದರ ಮೇಲೆ ಸ್ಟುಡಿಯೊ ತೆರೆದಿರುತ್ತದೆಯೇ, ಗೋಡೆಯಲ್ಲಿರುವ ವಿದ್ಯಾರ್ಥಿಗಳ ಕೆಲಸ ಈ ವರ್ಷದ್ದೋ ಹತ್ತು ವರ್ಷ ಹಳೆಯದೋ, ಎದುರಿಗೆ ಮನುಷ್ಯರನ್ನು ಕೂರಿಸಿ ಬರೆಸುವುದು ವಾರಕ್ಕೆ ಎಷ್ಟು ಗಂಟೆ. ಕೊನೆಯದನ್ನು ಮೇಷ್ಟರ ಬದಲು ಮೂರನೇ ವರ್ಷದ ಮಕ್ಕಳನ್ನು ಕೇಳಬೇಕು.

ತಂದೆಗೆ ದಿನಾ ಬಸ್ಸಿನಲ್ಲಿ ಬೆಂಗಳೂರಿಗೆ ಹೋಗಿಬರಲಿ ಎಂಬ ಆಸೆ. ಬಿ.ಕಾಂ. ಆಗಿದ್ದರೆ ನಾವೂ ಹೂಂ ಎನ್ನುತ್ತಿದ್ದೆವು. ಕಲಾ ಕಾಲೇಜಿನಲ್ಲಿ ತರಗತಿ ಮುಗಿದ ಮೇಲೆಯೇ ನಿಜವಾದ ಕೆಲಸ, ಅರ್ಧ ಒಣಗಿದ ಮಣ್ಣಿನ ಶಿಲ್ಪವನ್ನು ಬಿಟ್ಟು ಆರರ ಬಸ್ಸಿಗೆ ಓಡಲಾಗುವುದಿಲ್ಲ. ಒಂದು ದಿಕ್ಕಿಗೆ ಎರಡು ಗಂಟೆ ಎಂದರೂ ದಿನಕ್ಕೆ ನಾಲ್ಕು ಗಂಟೆ ರಸ್ತೆ ಪಾಲು, ಜೊತೆಗೆ ಅರ್ಧ ಶೀಟಿನ ಬೋರ್ಡು. ಹಿಂದುಳಿದ ವರ್ಗಗಳ ವಿದ್ಯಾರ್ಥಿನಿಲಯಕ್ಕೆ ಅರ್ಜಿ ಹಾಕುವುದು, ಜಾತಿ ಮತ್ತು ಆದಾಯ ಪ್ರಮಾಣಪತ್ರದ ಅವಧಿ ಮೇ ತಿಂಗಳಲ್ಲೇ ನೋಡಿಕೊಳ್ಳುವುದು, ಸಾಮಾನಿಗೆ ತಿಂಗಳಿಗೆ 2,000 ರೂಪಾಯಿ ಬೇರೆ ಎತ್ತಿಡುವುದು ಎಂದು ಬರೆದುಕೊಟ್ಟೆವು. ಎಣ್ಣೆಬಣ್ಣದ ಪೆಟ್ಟಿಗೆ ಈಗಲೇ ಕೊಳ್ಳಬಾರದು. ಮೊದಲ ವರ್ಷ ಪೋಸ್ಟರ್ ಬಣ್ಣದಲ್ಲೇ ಬಹುಪಾಲು ಕಳೆಯುತ್ತದೆ.

ಎರಡೂ ಕಡೆ ಪರೀಕ್ಷೆ ಬರೆದಳು. ಒಂದು ಕಡೆ ಹೆಸರು ಬರಲಿಲ್ಲ, ಇನ್ನೊಂದು ಕಡೆ ಎರಡನೇ ಪಟ್ಟಿಯಲ್ಲಿ ಬಂತು. ಮೊದಲ ವರ್ಷ ಎಲ್ಲರಿಗೂ ಒಂದೇ ಫೌಂಡೇಶನ್ (ಬುನಾದಿ ಪಾಠ), ಮಣ್ಣು, ಬಣ್ಣ, ಅಚ್ಚು ಎಲ್ಲ ಕೈಗೆ ಬರುತ್ತದೆ. ವಿಭಾಗ ಆರಿಸುವುದು ಆಮೇಲೆ. ಮುಂದಿನ ಭೇಟಿ ಆ ಆಯ್ಕೆಗೆ ಒಂದು ತಿಂಗಳು ಮೊದಲು. ನಮ್ಮ ಕಡತದಲ್ಲಿ “ಬಯಸುವ ವಿಭಾಗ” ಎಂಬಲ್ಲಿ ಬರೆದಿದ್ದ ಗ್ರಾಫಿಕ್ಸ್ ಪದವನ್ನು ಅವಳೇ ಹೊಡೆದುಹಾಕಿದ್ದಾಳೆ. ಜಾಗ ಸದ್ಯಕ್ಕೆ ಖಾಲಿ.